ಅಪ್ಪನ ಕಲ್ಲುಗುಡ್ಡೆ

ಏಪ್ರಿಲ್ ೧೪, ಭಾನುವಾರ ಮಧ್ಯಾಹ್ನ

ಮುದ್ದು ಪುಟ್ಟೀ,

ರಾತ್ರಿ ಪಾಳಿ ಮುಗಿಯಿತೇ? ಆಸ್ಪತ್ರೆ ಕ್ಯಾಂಟೀನಿನ ಚಹಾದಲ್ಲೇ ಹೊಟ್ಟೆ ತುಂಬಿಸಿಕೊಳ್ಳಬೇಡ. ನಾನು ಚೆನ್ನಾಗಿದ್ದೇನೆ. ಮೊಣಕಾಲು ಮಾತ್ರ ನನ್ನ ಮೇಲೆ ಮುನಿಸಿಕೊಂಡಿದೆ. ನಿನ್ನೆ ಬೆಟ್ಟ ಹತ್ತಿ ಬಂದೆ.

ಅಪ್ಪನ ಕಲ್ಲುಗುಡ್ಡೆಯ ಫೋಟೋ ಕಳಿಸು ಎಂದು ನೀನು ಕೇಳುತ್ತಲೇ ಇದ್ದೆ. ಫೋಟೋ ಇಲ್ಲ. ಏಕೆ ಇಲ್ಲ ಎಂಬುದನ್ನು ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಜೊತೆಗೆ ಅಪ್ಪನ ಹಳೇ ಗೆಳೆಯ, ನಿನ್ನ ಬೇಕರಿ ಮಾವ ಬಂದಿದ್ದರು. ಅಪ್ಪ ತೀರಿಕೊಂಡ ತಿಂಗಳು ನಾವೆಲ್ಲ ಹತ್ತಿದೆವಲ್ಲ, ಅದಾದ ಮೇಲೆ ನಾನು ಆ ಕಡೆ ಹೋಗಿರಲಿಲ್ಲ. ಕಾಡು ಮುಗಿದು ಕಡಿದಾದ ಏರು ಶುರುವಾದ ಕೂಡಲೇ ಮಾವ ನಿಂತುಬಿಟ್ಟರು. "ಅತ್ತಿಗೆ, ನೀವು ಮುಂದೆ ಹೋಗಿ. ನಾನು ಹಿಂದೇನೇ ಇರ್ತೀನಿ. ಉರುಳಿದ್ರೆ ಒಬ್ಬನೇ ಉರುಳ್ತೀನಿ" ಎಂದರು. ಹಾಗೆನ್ನುತ್ತಲೇ ಕಿತ್ತಳೆ ಸಿಪ್ಪೆಯನ್ನು ಮಡಚಿ ಜೇಬಿಗೆ ತುರುಕಿಕೊಂಡರು. ನಾನು ನೋಡಿದ್ದಕ್ಕೆ, "ಇಲ್ಲಿ ಎಸೆದ್ರೆ ಆ ಬ್ರೇಕ್ ಎದ್ದು ಬಂದು ಬೈತಾನೆ" ಎಂದರು. ಅಪ್ಪನನ್ನು ಅವರು ಈಗಲೂ ಬ್ರೇಕ್ ಎಂದೇ ಕರೆಯುತ್ತಾರೆ. ಯಾರು ಜೋರಾಗಿ ಮಾತಾಡಿದರೂ, ದಾರಿ ಬಿಟ್ಟು ಅಡ್ಡ ಹಾಯ್ದರೂ ಅಪ್ಪ ತಡೆದು ನಿಲ್ಲಿಸುತ್ತಿದ್ದರಲ್ಲ. "ಇದು ಅವುಗಳ ಮನೆ ಕಣ್ರೀ. ಬಾಗಿಲು ತಟ್ಟದೆ ಒಳಗೆ ಬಂದಿದ್ದೀವಿ, ಮೆತ್ತಗಾದ್ರೂ ನಡೀರಿ" ಎನ್ನುತ್ತಿದ್ದರು. ಅಂಗಡಿಯಲ್ಲಿ ಗಡಿಯಾರ ಬಿಚ್ಚುವಾಗ ಬರುತ್ತಿದ್ದ ಅದೇ ಸಣ್ಣ ದನಿಯಲ್ಲಿ.

ಮೇಲಿನ ಬರಿ ಬಂಡೆಯ ಇಳಿಜಾರಿನಲ್ಲಿ ಕಾಲುದಾರಿ ಕಾಣುವುದಿಲ್ಲ, ನಿನಗೆ ನೆನಪಿದೆ. ಅಲ್ಲಲ್ಲಿ ಪೇರಿಸಿಟ್ಟ ಕಲ್ಲುಗಳೇ ದಾರಿ ತೋರಿಸುತ್ತವೆ. ನಾವು ಅಲ್ಲಿಗೆ ತಲುಪುವಷ್ಟರಲ್ಲಿ ಮಂಜು ಇಳಿಯಿತು. ಮಾವ ಉಸಿರು ಸುಧಾರಿಸಿಕೊಳ್ಳಲು ಕುಳಿತರು. ನಾನು ಒಂದು ಗುಡ್ಡೆ ಕಂಡರೆ ಅಲ್ಲಿಗೆ, ಅಲ್ಲಿಂದ ಇನ್ನೊಂದಕ್ಕೆ ಎಂದು ನಿಧಾನವಾಗಿ ಹೋದೆ. ಆಗ ಅಪ್ಪನ ಗುಡ್ಡೆ ಕಂಡಿತು. ಪುಟ್ಟೀ, ಅದು ನನ್ನ ಸೊಂಟದವರೆಗೆ ಬೆಳೆದಿತ್ತು. ಅಪ್ಪ ಕೂರುತ್ತಿದ್ದ ಚಪ್ಪಟೆ ಬಂಡೆಯ ಪಕ್ಕ ನೀನಿಟ್ಟ ಒಂದು ಕಲ್ಲು, ಮೇಲೆ ನಾವಿಟ್ಟವು. ಆಮೇಲೆ ಅವರ ಗುರುತೇ ಇಲ್ಲದವರೂ ಇಡುತ್ತ ಹೋಗಿದ್ದಾರೆ. ನನ್ನ ಮನಸ್ಸು ತುಂಬಿ ಬಂತು. ಕೈಯಿಂದ ಸವರಿದೆ. ಅಲ್ಲಿಂದಾಚೆಗೂ ನೆಲ ಸವೆದಿತ್ತು, ತುಂಬ ಜನ ನಡೆದ ಹಾಗೆ. ನಾನೂ ಅದೇ ದಾರಿ ಹಿಡಿದೆ.

ಅದು ದಾರಿಯಾಗಿರಲಿಲ್ಲ. ಬಂಡೆಯಂಚಿನಲ್ಲಿ ಕಲ್ಲು ಜಾರಿದ ಸದ್ದಾಯಿತು. ಒಂದು ಕಾಡುಮೇಕೆ ನನ್ನೆದುರೇ ನೆಗೆದು ಮಂಜಿನೊಳಗೆ ಹೋಯಿತು. ಅದರ ಮರಿ ಉಳಿದುಬಿಟ್ಟಿತು. ಆಗಷ್ಟೇ ಹುಟ್ಟಿದ್ದು, ಮೈ ಇನ್ನೂ ಒದ್ದೆ. ಏಳುತ್ತಿತ್ತು, ಬೀಳುತ್ತಿತ್ತು. ಕೆಳಗೆ ಪ್ರಪಾತ. ಅಷ್ಟರಲ್ಲಿ ಬಂದ ಮಾವ, "ಎತ್ಕೊಂಡು ಈಚೆ ಇಡೋಣ್ವಾ ಅತ್ತಿಗೆ?" ಎಂದು ಪಿಸುಗುಟ್ಟಿದರು. ನಮ್ಮ ಕೈ ವಾಸನೆ ತಗುಲಿದರೆ ತಾಯಿ ಹತ್ತಿರ ಸೇರಿಸದೆ ಇದ್ದೀತು ಎಂದು ಅಪ್ಪ ಹೇಳುತ್ತಿದ್ದರು. ಬೇಡವೆಂದೆ. ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿದು ದೂರದ ಬಂಡೆಯ ಮರೆಯಲ್ಲಿ ಕುಳಿತೆವು. ಮಾವ ಏದುಸಿರನ್ನೂ ನುಂಗಿಕೊಂಡು ಕುಳಿತಿದ್ದರು.

ಬೆಟ್ಟದ ಗಾರ್ಡ್ ನಮ್ಮನ್ನು ಕಂಡದ್ದು ಅಲ್ಲೇ. ನಿನಗಿಂತ ಚಿಕ್ಕ ಹುಡುಗಿ. ಅವಳೂ ಸದ್ದಿಲ್ಲದೆ ಪಕ್ಕದಲ್ಲಿ ಕುಳಿತಳು. "ಮರಿ ಹಾಕೋಕೆ ಇಲ್ಲಿಗೇ ಬರ್ತಾವೆ ಅಮ್ಮಾ. ಮಂಜು ಬಿದ್ರೆ ಸಾಕು, ಜನ ಆ ದೊಡ್ಡ ಗುಡ್ಡೆ ನೋಡಿ ಇತ್ತ ತಿರುಗ್ತಾರೆ. ಹೋದ ವಾರ ಒಂದು ಮರಿ ಬಿದ್ದುಹೋಯ್ತು. ಯಾರೋ ಪ್ರೀತಿಯಿಂದಾನೇ ಕಟ್ಟಿರ್ತಾರೆ ಪಾಪ" ಎಂದಳು. ಮಾವ ತಲೆ ತಗ್ಗಿಸಿ, "ಆ ಪಾಪದವರು ನಾವೇ ಕಣಮ್ಮ" ಎಂದರು.

ತುಂಬ ಹೊತ್ತು ಕಾದೆವು. ಕೊನೆಗೆ ಮಂಜಿನೊಳಗಿಂದ ಒಂದು ಗಂಟಲ ದನಿ ಕೇಳಿತು. ಮರಿ ತಲೆಯೆತ್ತಿತು. ತಾಯಿ ಬಂದು ಅದನ್ನು ನೆಕ್ಕಿತು, ಕಾಲ ಸಂದಿಯಲ್ಲಿ ನಿಲ್ಲಿಸಿಕೊಂಡು ಹಾಲು ಕೊಟ್ಟಿತು. ನನಗೆ ಅಳು ಬಂತು. ಅಪ್ಪ ಹೋದಾಗಲೂ ಹಾಗೆ ಬಂದಿರಲಿಲ್ಲ.

ಗುಡ್ಡೆಯನ್ನು ತೆಗೆಯಲೇಬೇಕು ಎಂದು ಗಾರ್ಡ್ ಹೇಳಿದಳು. ಇಲ್ಲವೆನ್ನಲು ಆಗಲಿಲ್ಲ. ಮೂವರೂ ಸೇರಿ ಬಿಚ್ಚಿದೆವು. ಎಸೆಯಲಿಲ್ಲ. ಪಾಚಿಯಿದ್ದ ಮೈ ಮೇಲೆ, ಮಣ್ಣು ಹತ್ತಿದ್ದ ಮೈ ಕೆಳಗೆ ಬರುವಂತೆ, ಗುಳಿಯಿದ್ದ ಕಡೆಯೆಲ್ಲ ಕೂರಿಸಿದೆವು. ಕಲ್ಲಿನಡಿಯಲ್ಲೂ ಎಷ್ಟೋ ಜೀವಗಳು ಸಂಸಾರ ಹೂಡಿರುತ್ತವಂತೆ. ಮಾವ ಒಂದೊಂದನ್ನೂ ಎತ್ತಿ, "ಇದು ನಂದು, ಇದು ಪೋಸ್ಟ್‌ಮ್ಯಾನ್‌ದು, ಇದ್ಯಾರಪ್ಪ ಇಷ್ಟು ಭಾರದ್ದು ಇಟ್ಟಿರೋದು, ಸಾಲಗಾರನೇ ಇರ್ಬೇಕು" ಎನ್ನುತ್ತಿದ್ದರು. ತಳದಲ್ಲಿದ್ದ ನಿನ್ನ ಕಲ್ಲನ್ನು ನಾನೇ ಎತ್ತಿದೆ. ತಣ್ಣಗಿತ್ತು. ಎಲ್ಲಿಂದ ತಂದಿದ್ದೆಯೋ ತಿಳಿಯದೆ ಸ್ವಲ್ಪ ಹೊತ್ತು ಹಿಡಿದುಕೊಂಡೇ ನಿಂತಿದ್ದೆ.

ಅಪ್ಪ ಕೂರುತ್ತಿದ್ದ ಬಂಡೆ ಅಲ್ಲೇ ಇದೆ. ಅದರ ಪಕ್ಕ ಈಗ ಏನೂ ಇಲ್ಲ. ಮಂಜು ಹರಿದ ಮೇಲೆ ನೋಡಿದರೆ ಇಳಿಜಾರು ಮೊದಲಿನಂತೆಯೇ ಕಂಡಿತು. ಅವರು ಯಾವತ್ತೂ ಅಲ್ಲಿಗೆ ಬಂದೇ ಇರಲಿಲ್ಲವೇನೋ ಎಂಬಂತೆ. ಅದನ್ನು ತಡೆದುಕೊಳ್ಳುವುದು ಸುಲಭವಾಗಲಿಲ್ಲ ಪುಟ್ಟೀ. ಆದರೆ ಅವರು ಅಲ್ಲಿ ನಡೆದದ್ದೇ ಹಾಗಲ್ಲವೇ?

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಹೆದರಿದ್ದು. ಗಾರ್ಡ್ ಹುಡುಗಿ ಗುಡ್ಡೆ ತೆಗೆಯಿರಿ ಎಂದು ಹೇಳಲೇ ಇಲ್ಲ. ಅದು ಯಾರದೆಂದು ತಿಳಿದ ಮೇಲೆ, "ಇರ್ಲಿ ಬಿಡಿ ಅಮ್ಮಾ, ಮಗಳು ಒಂದ್ಸಲ ಬಂದು ನೋಡ್ಲಿ. ಅಲ್ಲೀವರೆಗೆ ನಾನು ಆಚೆಗೆ ಹಗ್ಗ ಕಟ್ತೀನಿ" ಎಂದಳು. ಮಾವನೂ ಹಾಗೇ ಮಾಡೋಣ ಎಂದರು. ಮೊದಲ ಕಲ್ಲು ತೆಗೆದವಳು ನಾನು, ನಿನ್ನನ್ನು ಕೇಳದೆ. ಸಿಟ್ಟು ಬಂದರೆ ಆ ಹುಡುಗಿಯ ಮೇಲೆ ಬೇಡ. ಫೋನ್ ಮಾಡು, ಬೈಯುವುದಕ್ಕಾದರೂ.