ಜೋಡಿ ಪರದೆ, ನೀಲಿ ಚುಕ್ಕಿ

ಮಹಾಜನರೇ! ಅತ್ತಿಗೆಯವರೇ, ಅಣ್ಣಾ, ಕಾರ್ಡನ್ನು ಮೊದಲೇ ಓದಿ ಮುಗಿಸಿರುವ ಅಂಚೆಯಣ್ಣಾ, ಎಲ್ಲರೂ ಕೇಳಿರಿ!

ನಾನು ಕೆಲಸಕ್ಕಿರುವ ಈ ಲ್ಯಾಬಿನ ಲೇಸರ್ ಮಿಂಚು ಎಷ್ಟು ಕ್ಷಣಿಕವೆಂದರೆ ಅದನ್ನು ಅಳೆಯುವ ಗಡಿಯಾರವೇ ಇಲ್ಲ. ಅಳೆಯಬೇಕಾದರೆ ಅದನ್ನೇ ಎರಡಾಗಿ ಸೀಳಿ, ಕನ್ನಡಿಗಳಿಂದ ಎರಡು ದಾರಿಯಲ್ಲಿ ಓಡಿಸಿ, ಹರಳೊಂದರಲ್ಲಿ ಕೂಡಿಸಬೇಕು. ಒಟ್ಟಿಗೆ ಬಂದು ಸೇರಿದರಷ್ಟೇ ನೀಲಿ ಚುಕ್ಕಿ ಹುಟ್ಟುತ್ತದೆ. "ಇವತ್ತೂ ಚುಕ್ಕಿ ಬರ್ಲಿಲ್ಲ ಅಂದ್ರೆ ಊರಿಗೆ ಹೊರಡಿ," ಎಂದಿದ್ದರು ಲ್ಯಾಬಿನ ಮೇಡಂ. ಆಗ ನಮ್ಮ ನಾಟಕದ ಜೋಡಿ ಪರದೆ ಸೇರಿಸುವಾಗ ನೀವು ಬೈದದ್ದು ನೆನಪಾಯಿತು, ಅತ್ತಿಗೆ: "ಎರಡನ್ನೂ ಒಟ್ಟಿಗೆ ಎಳೀಬೇಡ ಮಾರಾಯ, ಒಂದನ್ನ ನಿಲ್ಸು!" ಇಲ್ಲೂ ಅದೇ ತಪ್ಪು! ಒಂದು ಕನ್ನಡಿಯನ್ನು ನಿಲ್ಲಿಸಿ ಇನ್ನೊಂದನ್ನೇ ಕೂದಲೆಳೆಯಷ್ಟು ಸರಿಸುತ್ತಾ ಹೋದೆ. ಬಂತು ನೀಲಿ!

ಕೆಲಸ ಉಳಿಯಿತು, ಹೋದ ಕಾರ್ಡಿನಲ್ಲಿ ಬರೆದಿದ್ದ ಕೆಮ್ಮೂ ಇಳಿಯಿತು. ನಾಳೆ ಬೆಳಿಗ್ಗೆ ಅಳತೆ ತೆಗೆಯುವ ಮುನ್ನ ನಿಮ್ಮ ದಿಕ್ಕಿಗೊಂದು ನಮಸ್ಕಾರ ಹಾಕುತ್ತೇನೆ, ಮೇಡಂ ನಕ್ಕರೆ ನಗಲಿ!