ಹೊಸ್ತಿಲಿನ ಶಿಳ್ಳೆ

14 ಅಕ್ಟೋಬರ್ 1979, ಭಾನುವಾರ. ಮಣ್ಣಗುಡ್ಡ.

ಟ್ರಾನ್ಸಿಸ್ಟರ್ ರೇಡಿಯೋಗೆ ತಂತಿಯ ಸುರುಳಿ ಜೋಡಿಸಿ ನಾನೇ ಮಾಡಿದ ಲೋಹಶೋಧಕಕ್ಕೆ ಇನ್ನೂ ಕಿವಿ ಮಂದ. ಅಂಗಳದಲ್ಲಿ ಹೂತಿಟ್ಟ ತಾಮ್ರದ ಕಾಲಾಣೆಗೆ ಶಿಳ್ಳೆ ಹಾಕುತ್ತದೆ, ಅಲ್ಯೂಮಿನಿಯಂ ಹತ್ತು ಪೈಸೆಗೆ ಬರೀ ಗೊಣಗುತ್ತದೆ. ನಾಲ್ಕು ಬೆರಳಿಗಿಂತ ಆಳ ಹೋದರೆ ಎರಡೂ ಕೇಳಿಸುವುದಿಲ್ಲ. ರಜೆಯೆಲ್ಲ ಹಾಳು.

ಸಿಟ್ಟಿನಲ್ಲಿ ಒಳಗೆ ಬರುವಾಗ ಹೊಸ್ತಿಲ ಹತ್ತಿರ ಅದು ಜೋರಾಗಿ ಕೂಗಿತು. ಅಮ್ಮ ಓಡಿ ಬಂದಳು.

“ಅಲ್ಲಿ ಅಗೆಯಬೇಡ ಮಾರಾಯ! ಬಾಗಿಲಿನ ದಾರಂದ ಇಡುವಾಗ ನಿನ್ನ ಅಪ್ಪ ಬೆಳ್ಳಿ ರೂಪಾಯಿ ಹಾಕಿದ್ದು ಉಂಟು, ಒಂದು ಮೊಳ ಅಡಿಯಲ್ಲಿ.”

ಅಪ್ಪ ಹೋಗಿ ಆರು ವರ್ಷ. ಅಮ್ಮ ಅಲ್ಲೇ ಕುಳಿತು ಕಿವಿಗೊಟ್ಟಳು. “ಇನ್ನೊಮ್ಮೆ ಹಿಡಿ,” ಎಂದಳು.

ಒಂದು ಮೊಳ ಆಳದ್ದು ಇದಕ್ಕೆ ಕೇಳಿಸುವ ಹಾಗೇ ಇಲ್ಲ. ಕೂಗಿದ್ದು ದಾರಂದದ ಮರದ ಚೌಕಟ್ಟಿಗೆ ಹೊಡೆದ ಮೊಳೆಗೆ. ಆದರೂ ಬ್ಯಾಟರಿ ಮುಗಿಯುವವರೆಗೂ ಹಿಡಿದೆ.

ನಾಳೆ ಹೊಸದು ತರಬೇಕು.