ಹೊರಗಿನವರಿಗೆ ಹೊರಗಿನ ಮಾತು

ಕಾತ್ರಜ, ಪುಣೆ
೧೧ ಮೇ ೨೦೨೫

ಚಿರಂಜೀವಿ ತೃಪ್ತಿಗೆ,

ನಿನ್ನ ಅವ್ವನ ಆಶೀರ್ವಾದ. ನಾನೂ ನಿಮ್ಮ ಅಪ್ಪನೂ ಆರಾಮ ಇದ್ದೇವೆ. ದಿಲ್ಲಿಯ ಬಿಸಿಲಲ್ಲಿ ನೀನೂ ಆರಾಮ ಇದ್ದರೆ ಅಷ್ಟೇ ಸಾಕು. ಯುಗಾದಿಗೇ ಬರೆಯಬೇಕೆಂದಿದ್ದೆ. ಬೇವು-ಬೆಲ್ಲ ತಿಂದು ತಿಂಗಳ ಮೇಲಾಯಿತು, ಕೈ ಮಾತ್ರ ಪೆನ್ನಿನ ಕಡೆ ಹೋಗಲಿಲ್ಲ. ತಡವಾಯಿತೆಂದು ಸಿಟ್ಟಾಗಬೇಡ. ಫೋನ್ ಇರುವಾಗ ಪತ್ರ ಯಾಕೆ ಅಂತ ನಗುತ್ತೀ, ಗೊತ್ತು. ಫೋನಿನಲ್ಲಿ ನೀನು "ಅವ್ವಾ, ಮೀಟಿಂಗ್ ಅದ, ಆಮ್ಯಾಲ ಮಾತಾಡ್ತೀನಿ" ಅನ್ನುತ್ತಿದ್ದೆ. ಈಚೆಗೆ ಅದೂ ಇಲ್ಲ. ಪತ್ರವನ್ನು ಹಾಗೆ ನಡುವೆ ಕತ್ತರಿಸಲು ಬರುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅಪ್ಪ ಬ್ಯಾಂಕಿನಿಂದ ನಿವೃತ್ತರಾಗಿ ಈಗ ನನ್ನ ಅಡುಗೆಮನೆಯ ಮ್ಯಾನೇಜರ್ ಆಗಿದ್ದಾರೆ. "ಒಗ್ಗರಣಿ ಸೀದತು ನೋಡ" ಅಂತ ಹಿಂದೆಯೇ ನಿಂತಿರುತ್ತಾರೆ. ಒಗ್ಗರಣೆ ಸೀಯುವುದೇ ಅವರ ಮಾತು ಕೇಳುತ್ತ ನಿಂತಿದ್ದಕ್ಕೆ ಅಂತ ಅವರಿಗೆ ಯಾರು ಹೇಳಬೇಕು! ಇದರ ಜೊತೆ ಬರುವ ಶೇಂಗಾ ಚಟ್ನಿಪುಡಿ ಅವರೇ ಕುಟ್ಟಿದ್ದು. ಖಾರ ಜಾಸ್ತಿಯಾಗಿದ್ದರೆ ನನ್ನನ್ನು ಬೈಯಬೇಡ.

ಈಗ ಶಾಲೆಯ ಸುದ್ದಿ. ಇಲ್ಲಿಗೆ ಬಂದ ಕೂಡಲೇ ಓದುವುದನ್ನು ನಿಲ್ಲಿಸಬೇಡ ಮಗಳೇ, ಒಂದು ಸಲ ಪೂರ್ತಿ ಕೇಳು.

ಮಕ್ಕಳ ಕಲಿಕೆ ಅಳೆಯುವ ನಿಮ್ಮ ಸಂಸ್ಥೆಯ ಪರೀಕ್ಷೆ ಈ ಸಲ ನಮ್ಮ ಕನ್ನಡ ಶಾಲೆಗೂ ಬರುತ್ತದೆ ಅಂತ ಫೆಬ್ರುವರಿಯಲ್ಲಿ ತಿಳಿದಾಗ ನಾನು ಸ್ಟಾಫ್ ರೂಮಿನಲ್ಲಿ ನೆಲದ ಮೇಲೆ ಕಾಲಿಡಲಿಲ್ಲ. "ಈ ಪ್ರಶ್ನೆ ತಗದಾಕಿ ನನ್ನ ಮಗಳರೀ" ಅಂತ ಹೆಡ್‌ಮಾಸ್ತರ್ ಶಿವಪ್ರಕಾಶ ಸರ್‌ಗೆ ಹೇಳಿದ್ದೇ ಹೇಳಿದ್ದು. ಕೊನೆಗೆ ಅವರು, "ಆತ್ರಿ ರಂಜನಾಬಾಯಿ, ಊರಿಗೆಲ್ಲಾ ಪೇಢಾ ಹಂಚ್ರಿ ಇನ್ನ" ಅಂದರು.

ಪರೀಕ್ಷೆ ಮಾಡಲು ಬಂದವನು ಸುಖೇಶ್ ಅನ್ನುವ ಹುಡುಗ. ಉಡುಪಿ ಕಡೆಯವನು, ಅಪ್ಪನದು ಇಲ್ಲೇ ಹೋಟೆಲು. ಕನ್ನಡ ಬರುತ್ತದೆಂದೇ ಅವನನ್ನು ಕಳಿಸಿದ್ದರು. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಟ್ಯಾಬ್. ಗೇಟಿನಲ್ಲಿ ವಾಚ್‌ಮನ್ ಜೊತೆ ಮರಾಠಿ, ನಮ್ಮ ಜೊತೆಯೂ ಮೊದಲು ಮರಾಠಿಯೇ. ಪುಣೆಯಲ್ಲಿ ಎಲ್ಲರೂ ಮಾಡುವುದು ಅದನ್ನೇ ತಾನೆ? ಮಕ್ಕಳು ಕಿಟಕಿಯಿಂದ ಎಲ್ಲ ನೋಡುತ್ತಿದ್ದವು. ಆಮೇಲೆ ಅವನು ಒಂದೊಂದೇ ಮಗುವನ್ನು ಬೇರೆ ಕೋಣೆಗೆ ಕರೆದ. ಶಿಕ್ಷಕರು ಒಳಗೆ ಬರಬಾರದೆಂಬ ನಿಯಮ ನಿಮ್ಮದೇ, ಹಾಗಾಗಿ ನಾನು ಹೊರಗೇ ಉಳಿದೆ.

ಮೂರನೇ ವರ್ಗದ ಸ್ನೇಹಲ್ ಹೊರಗೆ ಬಂದವಳೇ ನನ್ನ ಸೀರೆ ಹಿಡಿದು, ಪರೀಕ್ಷೆಯಲ್ಲಿ ತೋರಿಸಿದ ಚಿತ್ರದ ಕಥೆ ಹೇಳಿದಳು: "ಅಕ್ಕೋರ, ಕೋಳಿದು ಒಂದ್ ಮರಿ ಕಳದತ್ರಿ. ಕೋಳಿ ಅಳಾಕತ್ತದ. ಬೆಕ್ಕು ಬಾಗಲಾಗ ಕುಂತದ, ನೋಡಿದ್ರೂ ನೋಡದಂಗ ಮಾಡಾಕತ್ತದ!" ನೀವು ಚಿತ್ರದಲ್ಲಿ ಬರೆಯದ ಕಥೆಯನ್ನೂ ಹೇಳಿದ್ದಳು. ನಾನು ಹಿಗ್ಗಿ, "ಸರ್ ಮುಂದೂ ಹಿಂಗ ಹೇಳಿದೇನು?" ಅಂತ ಕೇಳಿದೆ. "ಹೂನ್ರಿ. ಆದ್ರ ಮರಾಠಿಯಾಗ ಹೇಳಿದ್ನಿ" ಅಂದಳು. ಯಾಕವ್ವಾ ಅಂದರೆ, "ಅವ್ರು ಮರಾಠಿ ಮಂದಿ ಅಲ್ರಿ? ಪಾಪ, ಕನ್ನಡ ಮಾತಾಡಾಕ ಭಾಳ ತ್ರಾಸ ತಗೋಳಾಕತ್ತಿದ್ರು. ಅದಕ್ಕ ನಾನ ಮರಾಠಿಯಾಗ ಹೇಳಿದ್ನಿ."

ನಗಬೇಕೋ ಅಳಬೇಕೋ ಹೇಳು! ಅವನ ಕರಾವಳಿಯ ಕನ್ನಡ, ಅದೂ ಟ್ಯಾಬ್ ನೋಡಿ ಓದಿದ ಪುಸ್ತಕದ ಕನ್ನಡ, ನಮ್ಮ ಮಕ್ಕಳಿಗೆ ಪರಕೀಯನೊಬ್ಬ ಕಷ್ಟಪಡುವಂತೆ ಕೇಳಿಸಿತು. ಭಾಜಿ ಮಾರುವ ಮರಾಠಿಯವ ನಮ್ಮನ್ನು ಖುಷಿಪಡಿಸಲು ಎರಡು ಕನ್ನಡ ಶಬ್ದ ಆಡಿದರೆ ನಾವು ಲಗುಬಗೆಯಿಂದ ಮರಾಠಿಗೆ ಇಳಿಯುವುದಿಲ್ಲವೇ, ಹಾಗೆ. ಇಲ್ಲಿಯ ನಮ್ಮ ಮಂದಿಯ ಮನೆಯಲ್ಲಿ ಅದು ಮರ್ಯಾದೆ. ನಿನ್ನ ಅಜ್ಜಿ ಬಸವಣ್ಣೆವ್ವ ನಿನಗೂ ಅದನ್ನೇ ಕಲಿಸಿದ್ದಳು: "ಒಳಗಿನವ್ರಿಗೆ ಒಳಗಿನ ಮಾತು, ಹೊರಗಿನವ್ರಿಗೆ ಹೊರಗಿನ ಮಾತು." ಇಡೀ ವರ್ಗ ಆ ಮರ್ಯಾದೆಯನ್ನೇ ಪಾಲಿಸಿತ್ತು. ಒಬ್ಬರ ಹಿಂದೆ ಒಬ್ಬರು, ಎಲ್ಲರೂ ಮರಾಠಿಯಲ್ಲಿ ಉತ್ತರ ಕೊಟ್ಟು ಬಂದಿದ್ದರು.

ಓಡಿಹೋಗಿ ಸುಖೇಶನನ್ನು ಹಿಡಿದೆ. ಅವನ ಮುಖವೂ ಸಣ್ಣದಾಗಿತ್ತು. "ಟೀಚರ್, ನಂಗೆ ಗೊತ್ತುಂಟು. ಆ ಹುಡುಗಿ ಎಷ್ಟು ಚಂದ ಹೇಳಿದ್ಳು! ಆದ್ರೆ ಇದ್ರಲ್ಲಿ ಕನ್ನಡದ ಉತ್ತರಕ್ಕೆ ಮಾತ್ರ ಜಾಗ ಇರೂದು. ಬೇರೆ ಭಾಷೆ ಆದ್ರೆ 'ಉತ್ತರವಿಲ್ಲ' ಅಂತ ಒತ್ಬೇಕು. ನಾನೆಂತ ಮಾಡೂದು?" ಇನ್ನೊಮ್ಮೆ ಕೇಳಪ್ಪಾ ಅಂದೆ. ಒಂದು ಮಗುವಿನ ಹೆಸರು ಮುಚ್ಚಿದ ಮೇಲೆ ಅದು ತೆರೆಯುವುದೇ ಇಲ್ಲವಂತೆ. ಒತ್ತಿ ತೋರಿಸಿದ ಕೂಡ, ತೆರೆಯಲಿಲ್ಲ.

ಏಪ್ರಿಲ್‌ನಲ್ಲಿ ವರದಿ ಬಂತು. ನಮ್ಮ ಶಾಲೆ ಕೆಂಪು ಬಣ್ಣ. ಮಕ್ಕಳಿಗೆ ಕನ್ನಡದಲ್ಲಿ ಮಾತು ಬರುವುದಿಲ್ಲ, ಕಲಿಸುವ ಭಾಷೆಗೂ ಮನೆಮಾತಿಗೂ ತಾಳೆಯಿಲ್ಲ ಅಂತ ಅದರಲ್ಲಿತ್ತು. ಕೆಂಪು ಬಂದ ಸಣ್ಣ ಶಾಲೆಗಳನ್ನು ಹತ್ತಿರದ ದೊಡ್ಡ ಶಾಲೆಯಲ್ಲಿ ಕೂಡಿಸಬೇಕೆಂದು ಇಲಾಖೆ ಹೊಸ ಧೋರಣೆ ಮಾಡಿದೆ. ಜೂನ್‌ನಿಂದ ನಮ್ಮ ಕನ್ನಡ ವರ್ಗಗಳು ಬಂದ್. ಮಕ್ಕಳು ಹೈವೇ ಆಚೆಯ ಮರಾಠಿ ಶಾಲೆಗೆ ಹೋಗಬೇಕು. "ಪರೀಕ್ಷಾ ಮಾಡೂದು ಮಕ್ಕಳನ್ನ ಫೇಲ್ ಮಾಡಾಕ ಅಲ್ಲವ್ವಾ, ಅವರಿಗೆ ಏನ್ ಬೇಕು ಅಂತ ಸರಕಾರಕ್ಕ ತಿಳಸಾಕ" ಅಂತ ನೀನೇ ನನಗೆ ಹೇಳಿದ್ದೆ. ನಾನು ಅದನ್ನು ಪಾಲಕರ ಸಭೆಯಲ್ಲಿ ನಿನ್ನ ಹೆಸರು ತೆಗೆದುಕೊಂಡು ಹೇಳಿದ್ದೆ.

ಇಲಾಖೆಯ ಸಾಹೇಬರ ಹತ್ತಿರ ಹೋದೆವು. ಒಳ್ಳೆಯ ಮನುಷ್ಯ, ಚಹಾ ಕೊಟ್ಟರು. "ಆಕಡೇ ದಿಲ್ಲೀಹೂನ್ ಆಲೇತ್, ಬಾಯಿ" ಅಂದರು. ಅಂಕಿಸಂಖ್ಯೆ ದಿಲ್ಲಿಯಿಂದ ಬಂದದ್ದು, ತಮ್ಮ ಕೈಯಲ್ಲಿ ಏನೂ ಇಲ್ಲವಂತೆ. ನಿಮ್ಮ ಸಂಸ್ಥೆಗೆ ಬರೆದರೆ, ನಾವು ಅಳೆಯುವವರು ಮಾತ್ರ, ಧೋರಣೆ ರಾಜ್ಯದ್ದು ಅಂತ ಉತ್ತರ ಬಂತು. ಅತ್ತ ದರಿ ಇತ್ತ ಪುಲಿ ಅನ್ನುತ್ತಾರಲ್ಲ, ಇಲ್ಲಿ ದರಿಯೂ ಪುಲಿಯೂ ಎರಡೂ ನಮಸ್ಕಾರ ಮಾಡಿ ಬಾಗಿಲು ತೋರಿಸುತ್ತವೆ.

ತಿಂಗಳ ಕೊನೆಗೆ ದೂರು ಕೇಳುವ ವಿಡಿಯೊ ಸಭೆ ಇತ್ತು. "ನೀವ ಮಾತಾಡ್ರಿ, ನನಗ ಸಿಟ್ಟು ಬಂದ್ರ ನಾಲಿಗಿ ತಡವರಸ್ತದ" ಅಂತ ಶಿವಪ್ರಕಾಶ ಸರ್ ನನ್ನನ್ನೇ ಮುಂದೆ ಕೂರಿಸಿದರು. ನಾನು ಬೇಕೆಂದೇ ಕನ್ನಡದಲ್ಲಿ ಶುರು ಮಾಡಿದೆ. ಕನ್ನಡ ಶಾಲೆಯ ದೂರು, ಕನ್ನಡದಲ್ಲೇ ಕೇಳಲಿ ಅಂತ. ಆ ಕಡೆಯಿಂದ ಒಬ್ಬ ಮೇಡಂ ನಡುವೆ ತಡೆದು ಹಿಂದಿ ಇಲ್ಲವೇ ಇಂಗ್ಲಿಷಿನಲ್ಲಿ ಹೇಳಿ ಅಂದರು. ನನ್ನ ಹಿಂದಿ ಎಂಥದು ಅಂತ ನಿನಗೆ ಗೊತ್ತು. ಕೋಳಿ, ಮರಿ, ಮರ್ಯಾದೆ ಎಲ್ಲ ಕಲಸುಮೇಲೋಗರವಾಯಿತು. "ನೋಟೆಡ್, ಥ್ಯಾಂಕ್ಯೂ" ಅಂದರು ಮೇಡಂ. ಮುಂದಿನ ಶಾಲೆಯ ಹೆಸರು ಕೂಗಿದರು.

ನಿನ್ನೆ ಸ್ನೇಹಲ್‌ಳ ಅಪ್ಪ ಜಟ್ಟೆಪ್ಪ ಅವಳ ಶಾಲೆ ಬಿಟ್ಟ ದಾಖಲೆ ಒಯ್ಯಲು ಬಂದಿದ್ದ. ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ ಮಾಡುತ್ತಾನೆ, ಇಂಡಿ ಕಡೆಯವ. "ಅಕ್ಕೋರ, ಮನ್ಯಾಗ ಈಕಿ ಬಾಯಿ ಮುಚ್ಚಂಗಿಲ್ಲ. ಈಕಿಗೆ ಮಾತ ಬರಂಗಿಲ್ಲ ಅಂತ ಹೆಂಗ ಬರದಾರ್ರಿ?" ಅಂದ. ಆ ಶಾಲೆಗೆ ಹೆಸರು ಹಚ್ಚು, ಓದು ನಿಲ್ಲಿಸಬೇಡ ಅಂತ ಗೋಗರೆದೆ. "ಹೈವೇ ಯಾರು ದಾಟಸ್ತಾರ್ರಿ? ನಾ ನಸಕಿನ್ಯಾಗ ಹೋಗಾಂವ, ಈಕಿ ಅವ್ವ ಮಂದಿ ಮನಿ ಅರಬಿ-ಭಾಂಡೆ ತೊಳ್ಯಾಕ. ಮನ್ಯಾಗ ಇರ್ಲಿ ಬಿಡ್ರಿ, ತಮ್ಮನ್ನ ನೋಡ್ಕೋತಾಳ." ಅವನ ಮೇಲೆ ಸಿಟ್ಟು ಮಾಡಿ ಏನು ಫಲ? ಕಾತ್ರಜದಲ್ಲಿ ನಿಲ್ಲುವ ನಮ್ಮ ಕಡೆಯ ಬಸ್ಸುಗಳ ಫಲಕವನ್ನು ಈಗಷ್ಟೇ ಜೋರಾಗಿ ಓದಲು ಕಲಿತಿದ್ದಳು ಆ ಹುಡುಗಿ. ಅಪ್ಪನ ಹಿಂದೆ ನಿಂತು ಕೇಳಿದಳು, "ಅಕ್ಕೋರ, ನಾ ಅವತ್ತ ತಪ್ಪ ಮಾತಾಡಿದ್ನೇನ್ರಿ?" ಇಲ್ಲವ್ವಾ, ನೀನು ಬರೋಬ್ಬರಿ ಹೇಳಿದ್ದೆ ಅಂದೆ. ಬೇರೆ ಏನು ಹೇಳಲಿ?

ನನಗೆ ಆರು ತಿಂಗಳ ನೌಕರಿ ಉಳಿದಿದೆ, ಎಲ್ಲಾದರೂ ಕೂರಿಸುತ್ತಾರೆ, ನನ್ನ ಚಿಂತೆ ಬೇಡ. ನೀನು ಊಟ ಬಿಡಬೇಡ. ಹೊರಗಿನ ತಂಪು ನೀರು ಕುಡಿಯಬೇಡ. ನಿನ್ನ ಕೆಲಸದಲ್ಲಿ ನಿನಗೆ ಒಳ್ಳೆಯ ಹೆಸರು ಬರಲಿ, ನಿನ್ನ ಕೈಯಿಂದ ಮಕ್ಕಳಿಗೆ ಒಳ್ಳೆಯದಾಗಲಿ. ಬಸವಣ್ಣ ನಿನ್ನನ್ನು ಚೆನ್ನಾಗಿ ಇಟ್ಟಿರಲಿ.

ನಿನ್ನ ಅವ್ವ,
ರಂಜನಾ

ತಾ.ಕ.: ಆ ಮೇಡಂ ನೀನೇ ಅಂತ ನಾನು ಯಾರಿಗೂ ಹೇಳಿಲ್ಲ. ಪರದೆಯ ಮೇಲೆ ಸಂಸ್ಥೆಯ ಹೆಸರಷ್ಟೇ ಇತ್ತು, ಶಿವಪ್ರಕಾಶ ಸರ್‌ಗೆ ಧ್ವನಿ ಗುರುತು ಸಿಗಲಿಲ್ಲ. ನಿಮ್ಮ ಅಪ್ಪನಿಗೂ ಹೇಳಿಲ್ಲ, ಅವರು ಚಟ್ನಿಪುಡಿ ಕುಟ್ಟುತ್ತಿದ್ದರು. ಆದರೆ ನನ್ನ ಮುಖ ನಿನ್ನ ಎದುರಿಗೇ ಇತ್ತಲ್ಲ ತೃಪ್ತಿ. "ಮೇಡಂ, ಕೃಪಯಾ ಹಿಂದೀ ಯಾ ಇಂಗ್ಲಿಷ್ ಮೇ ಬೋಲಿಯೇ" ಅಂದೆ ನೀನು. ಅಲ್ಲಿ ನಿನ್ನ ಮೇಲಿನವರು ಕೂತಿದ್ದರೇನೋ, ಹಾಗೆ ಅನ್ನದೆ ನಿನಗೂ ಗತಿ ಇರಲಿಲ್ಲವೇನೋ. ನಾನು ಕೇಳುವುದಿಲ್ಲ. ಆದರೆ ನಮ್ಮ ಮನೆಯಲ್ಲಿ ಯಾರಿಗೆ ಯಾವ ಮಾತು ಅಂತ ನಿನಗೆ ಬಾಲ್ಯದಿಂದ ಗೊತ್ತು, ನನಗೂ ಗೊತ್ತು. ಅವತ್ತಿನಿಂದ ಅದೊಂದೇ ನನ್ನನ್ನು ತಿನ್ನುತ್ತಿದೆ. ಫೋನ್ ಮಾಡು. ಶಾಲೆಯ ವಿಷಯ ಬೇಡ, ಏನೂ ಬೇಡ. ಒಮ್ಮೆ "ಅವ್ವಾ" ಅನ್ನು.